ಮಾಡಿನ ಪಕ್ಕಾಸಿಗೆ ಬೂಸ್ಟು ಹಿಡಿದಿದೆ, ಬಿಸಾಕಬೇಕಾ?

ಪ್ರಶ್ನೆ:
ಮಾಡಿಗೆ (ಮನೆಯ ಛಾವಣಿಗೆ) ಅಂತ 40 ಪಕ್ಕಾಸು, ಅಂದರೆ ಛಾವಣಿಗೆ ಓರೆಯಾಗಿ ಹಾಕುವ ಉದ್ದ ಮರದ ತುಂಡು, ತಂದಿಟ್ಟಿದ್ದೆ. ಮಳೆ ಬಂದೀತು ಅಂತ ಸುತ್ತಲೂ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು ಮೂರು ವಾರ ಸುಮ್ನೆ ಬಿಟ್ಟೆ. ನಿನ್ನೆ ಬಿಚ್ಚಿದರೆ ಮುಖಕ್ಕೆ ಬಿಸಿ ಹಬೆ, ಒದ್ದೆ ಗೋಣಿಚೀಲದ ವಾಸನೆ. ಮರದ ಮೇಲೆಲ್ಲ ಬಿಳಿ, ಹಸಿರು ಪುಡಿ, ಅಲ್ಲಲ್ಲಿ ಕಪ್ಪು ಕಲೆ. ಉಜ್ಜಿದರೆ ಪುಡಿ ಬರುತ್ತದೆ, ಕಲೆ ಹೋಗುವುದಿಲ್ಲ. ಬಡಗಿ ಕೇಳಿದರೆ, "ಬ್ಲೀಚಿಂಗ್ ಹಾಕಿ ತೊಳೆದು ಬಣ್ಣ ಹೊಡೀರಿ, ಗೊತ್ತೇ ಆಗಲ್ಲ" ಅಂದರು. ಗೊತ್ತಾಗದೇ ಇರೋದೇ ನನ್ನ ಭಯ.

ಉತ್ತರ 1:
ಬಿಸಾಕಬೇಡಿ. ಮೊದಲು ದಬ್ಬಣ ತಗೊಂಡು ಮರಕ್ಕೆ ಓರೆಯಾಗಿ ಚುಚ್ಚಿ ಮೇಲಕ್ಕೆ ಮೀಟಿ. ಉದ್ದ ಸಿಬರು ಎದ್ದರೆ ಮರ ಗಟ್ಟಿ ಇದೆ. ರಸ್ಕಿನ ಹಾಗೆ ಪಟಕ್ಕನೆ ತುಂಡಾದರೆ ಕೊಳೆ ಶುರುವಾಗಿದೆ, ಅದು ಮಾಡಿಗೆ ಬೇಡ. ಬೂಸ್ಟು ತಿನ್ನುವುದು ಮೇಲ್ಮೈಯ ಸಕ್ಕರೆ, ಪಿಷ್ಟವನ್ನು. ನಾರಿಗೆ ಕೈ ಹಾಕುವುದಿಲ್ಲ. ಅದಕ್ಕೇ ಚೇಗಿಗಿಂತ (ಮರದ ನಡುವಿನ ಗಟ್ಟಿ ತಿರುಳು) ಅಂಚಿನ ಬಿಳಿ ಮರದಲ್ಲಿ ಜಾಸ್ತಿ ಕಾಣುತ್ತದೆ. ನೀಲಿ-ಕಪ್ಪು ಕಲೆ ಒಳಗಿಳಿದಿದ್ದರೂ ನೋಡೋಕೆ ಕೆಟ್ಟದ್ದು ಅಷ್ಟೇ.

ಉತ್ತರ 2:
ಬಣ್ಣ ಖಂಡಿತ ಬೇಡ, ಹಸಿ ಒಳಗೇ ಉಳಿಯುತ್ತದೆ. ಬ್ಲೀಚಿಂಗ್ ಮೇಲೆ ಬಿಳಿಚಿಸುತ್ತದೆ, ಒಳಗಿಳಿಯುವುದು ಅದರ ನೀರು. ಮೊದಲೇ ಒದ್ದೆಯಾದ ಮರಕ್ಕೆ ಇನ್ನೊಂದು ಸ್ನಾನ ಮಾಡಿಸಿದ ಹಾಗೆ. ಬಳಸಲೇಬೇಕು ಅಂದರೆ ಅಮೋನಿಯಾ, ಆಸಿಡ್ ಯಾವುದನ್ನೂ ಅದಕ್ಕೆ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಪುಡಿಯನ್ನು ಒಣ ಬ್ರಷ್‌ನಲ್ಲಿ ಉಜ್ಜಲೂಬೇಡಿ. ನಾನು ಮುಚ್ಚಿದ ಕೋಣೆಯಲ್ಲಿ ಮಾಸ್ಕ್ ಇಲ್ಲದೆ ಉಜ್ಜಿ ನಾಲ್ಕು ದಿನ ಕೆಮ್ಮಿದ್ದೇನೆ. ಎನ್95 ಮಾಸ್ಕ್ ಹಾಕಿ, ಬಯಲಲ್ಲಿ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ.

ನಿಜವಾದ ಮದ್ದು ಗಾಳಿ. ನೆಲದಿಂದ ಒಂದಡಿ ಎತ್ತರಿಸಿ ಜೋಡಿಸಿ. ಪ್ರತಿ ಸಾಲಿನ ನಡುವೆ ಒಣಗಿದ ರೀಪಿನ (ತೆಳು ಮರದ ಪಟ್ಟಿ) ತುಂಡು ಇಡಿ, ಮೇಲಿನದು ಕೆಳಗಿನದರ ನೇರಕ್ಕೇ ಬರಲಿ. ಇಲ್ಲದಿದ್ದರೆ ಪಕ್ಕಾಸು ಬಾಗುತ್ತದೆ. ಟಾರ್ಪಾಲು ತಲೆಗೆ ಮಾತ್ರ, ಪಕ್ಕ ತೆರೆದಿರಲಿ. ತೇವ ಅಳೆಯುವ ಮೀಟರ್ 20%ಕ್ಕಿಂತ ಕೆಳಗೆ ತೋರಿಸಿದರೆ ಬೂಸ್ಟು ಮತ್ತೆ ಏಳುವುದಿಲ್ಲ.

ಪ್ರಶ್ನೆ ಕೇಳಿದವರು:
ಚುಚ್ಚಿ ನೋಡಿದೆ. 37 ಪಾಸು, 3 ಫೇಲು. ಆ ಮೂರೂ ಮಣ್ಣಿಗೆ ತಾಗಿಕೊಂಡು ಅಡಿಯಲ್ಲಿದ್ದವು. ಉಳಿದದ್ದನ್ನು ಹೇಳಿದ ಹಾಗೇ ಜೋಡಿಸಿದ್ದೇನೆ. ಎರಡು ವಾರಕ್ಕೆ ಮೀಟರ್ 17 ತೋರಿಸುತ್ತಿದೆ. ಏರಿಸಬಹುದಲ್ವಾ?

ಉತ್ತರ 1:
ಅವಸರ ಬೇಡ. ಮೈ ಬೇಗ ಒಣಗುತ್ತದೆ, ಹೊಟ್ಟೆ ನಿಧಾನ. ಒಂದರ ತುದಿಯನ್ನು ಗೇಣುದ್ದ ಕತ್ತರಿಸಿ, ಹೊಸ ಮುಖದ ನಡುವೆ ಅಳೆಯಿರಿ.

ಪ್ರಶ್ನೆ ಕೇಳಿದವರು:
ಕತ್ತರಿಸಿದೆ. ನಡುವೆ 24! ಮಾಡು ಇನ್ನೂ ಕಾಯಬೇಕು. ಬಡಗಿಗೆ ಹೇಳಿದೆ, ಮುಖ ಊದಿಸಿಕೊಂಡು ಹೋದರು.