ಹಿಟಾಚಿ ತುದಿಗೆ ಟಿಲ್ಟ್‌ರೊಟೇಟರ್: ಹಾಕಿಸಿದವರು ಅನುಭವ ಹೇಳಿ

ಸಕಲೇಶಪುರದಿಂದ:
ನನ್ನದು 8 ಟನ್ ಮಷೀನು. ಕಾಫಿ ತೋಟದ ರಸ್ತೆ, ಬರೆ (ಕಡಿದಾದ ಮಣ್ಣಿನ ಬದಿ) ಕೆರೆಯೋದು, ಚರಂಡಿ, ಪೈಪ್‌ಲೈನ್ ಕೆಲಸವೇ ಜಾಸ್ತಿ. ಬಕೆಟ್ಟನ್ನ ಎಡಬಲಕ್ಕೆ ವಾಲಿಸಿ ಪೂರ್ತಿ ಸುತ್ತು ತಿರುಗಿಸೋ ಟಿಲ್ಟ್‌ರೊಟೇಟರ್ ಹಾಕಿಸಬೇಕು ಅಂತಿದೀನಿ. ಹೊಸದಕ್ಕೆ ಮಷೀನಿಗೆ ಕೊಟ್ಟ ದುಡ್ಡಿನ ಅರ್ಧ ಹೇಳ್ತಿದಾರೆ. ಇಳಿಜಾರಲ್ಲಿ ತುದಿ ಭಾರ ತೊಂದರೆ ಕೊಡುತ್ತಾ? ಹಾಕಿಸಿದವರು ದಯವಿಟ್ಟು ಹೇಳಿ.

ಕೊಪ್ಪದವ:
ರೊಟೇಟರ್ ಬೇಡ, ಟಿಲ್ಟ್ ಬಕೆಟ್ ಸಾಕು. ಎರಡು ಸಿಲಿಂಡರಿಂದು ಹಾಕಿ ಮೂರು ವರ್ಷ ಆಯ್ತು, 1,85,000 ಕೊಟ್ಟೆ. ಎರಡೂ ಕಡೆ 45 ಡಿಗ್ರಿ ವಾಲುತ್ತೆ. ಬರೆ ಕೆರೆಯೋಕೆ, ರಸ್ತೆಗೆ ಒಂದು ಕಡೆ ವಾಟ ಕೊಡೋಕೆ ಇನ್ನೇನು ಬೇಕು? ಮೊದಲ ವರ್ಷ ಹುಡುಗ ಬಕೆಟ್ಟಿನ ಪಕ್ಕದಿಂದ ಕಲ್ಲು ತಳ್ಳಿದ, ಎಡಗಡೆ ರಾಡು ಬಿಲ್ಲಿನ ಹಾಗೆ ಬಾಗಿತು. ಹೊಸ ರಾಡು 23,000, ಸೀಲ್ 3,200, ಎರಡು ಹೋಸು 5,600, ಲೇತ್‌ನವನ ಹತ್ರ ಆರು ದಿನ. ಆಮೇಲೆ ನಡುವಿನ ಪಿನ್ನು ಸವೆದು ಆಟ ಬಂತು, ಬುಷ್ ಹೊಡೆಸಿದ್ದು 14,000. ಒಟ್ಟು 45,800. ಅಷ್ಟಾದ್ರೂ ರೊಟೇಟರಿನ ಜಾಯ್‌ಸ್ಟಿಕ್, ವೈರಿಂಗಿನ ಖರ್ಚೂ ಆಗಲ್ಲ. ಬಾಕಿ ಎಲ್ಲ ಶೋಕಿ.

ಪುತ್ತೂರಿನವ:
ಶೋಕಿ ಅಂತ ಹೇಳುವ ಮೊದಲು ಒಮ್ಮೆ ಕೆಲಸ ನೋಡಿ ಮಾರಾಯ್ರೆ. ನಾನು ಸೆಕೆಂಡ್ ಹ್ಯಾಂಡ್ ರೊಟೇಟರ್ ತರಿಸಿದವ. ರೊಟೇಟರಿಗೆ 9,40,000, ಲೈನು ಹೋಸುಗಳಿಗೆ 86,000, ರೋಲರ್ ಇರುವ ಜಾಯ್‌ಸ್ಟಿಕ್ ಮತ್ತು ವೈರಿಂಗ್ 1,35,000, ಇದ್ದ ಬಕೆಟ್‌ಗಳ ಕಿವಿ (ಪಿನ್ನು ಹಾಕುವ ತೂತಿನ ಭಾಗ) ಬದಲಿಸಿ, ಬೇಗ ಕಳಚಿ ಹಾಕುವ ಕ್ವಿಕ್ ಕಪ್ಲರಿಗೆ ಕೂರಿಸಲಿಕ್ಕೆ 72,000. 12,33,000 ಆಯಿತು. ಅಡಿಕೆ ತೋಟದಲ್ಲಿ ಸಾಲಿನಿಂದ ಸಾಲಿಗೆ 9 ಅಡಿ. ಮಷೀನು ಹಂದುವುದಿಲ್ಲ. ಬಕೆಟ್ ಅಡ್ಡ ತಿರುಗಿ ಮರದ ಆಚೆ ಬದಿಯ ಬಸಿಗಾಲುವೆಗೆ ಇಳಿಯುತ್ತದೆ, ಮಣ್ಣು ತೆಗೆದು ವಾಪಸು ತಿರುಗಿ, ಬುಡಕ್ಕೆ ಕೈಯಲ್ಲಿ ಹಾಕಿದ ಹಾಗೆ ಹಾಕುತ್ತದೆ. ಒಂದು ಬೇರು ಹರಿಯುವುದಿಲ್ಲ.

ಆದರೆ ನಾನು ಸೋತದ್ದು ಲೆಕ್ಕದಲ್ಲಿ. ಗಂಟೆ ಬಾಡಿಗೆ 1300 ಇತ್ತು, 1700 ಕೇಳಿದೆ. "ಬಕೆಟ್ ತಿರುಗಿದರೆ ನನಗೆಂತ?" ಅಂತ ತೋಟದವರು ಕೇಳಿದರು. ಹಳೇ ರೇಟಿಗೇ ಮಾಡಿದೆ. ಹತ್ತು ಗಂಟೆಯ ಕೆಲಸ ಏಳರಲ್ಲಿ ಮುಗಿಯಿತು, ಮೂರು ಗಂಟೆಯ ದುಡ್ಡು ನನ್ನ ಕಿಸೆಯಿಂದಲೇ ಹೋಯಿತು. ಒಂದು ವರ್ಷ ಹೀಗೆ ಇಎಂಐ ಕಟ್ಟಿದೆ. ಈಗ ಗಂಟೆ ಲೆಕ್ಕ ಬಿಟ್ಟಿದ್ದೇನೆ. ಅಡಿಗೆ 18 ರೂಪಾಯಿ ಗುತ್ತಿಗೆ. ಗಂಟೆಗೆ 110 ಅಡಿ ಹೋದರೆ 1980. ಗಂಟೆ ಬಾಡಿಗೆಯವರು ಇದನ್ನು ಮುಟ್ಟಲೇಬಾರದು.

ಅದರ ಮೇಲೆ ಸ್ವಿವೆಲ್ (ತಿರುಗುವಾಗಲೂ ಎಣ್ಣೆ ದಾಟಿಸುವ ಜಾಯಿಂಟ್) ಸೀಲ್ ಹೋಯಿತು. ಮೊದಲ ದಿನ ಬಕೆಟ್ಟಿನ ಕಿವಿ ಹತ್ತಿರ ಒಂದು ಹನಿ ಎಣ್ಣೆ, ಮೂರನೇ ದಿನ ಧಾರೆ. ಸೀಲ್ ಕಿಟ್ ಹೊರದೇಶದಿಂದ ಬರಬೇಕು: 68,000, ಕೊರಿಯರ್ ಕಸ್ಟಮ್ಸ್ 11,400, ಮೂರು ಬಕೆಟ್ ಹೈಡ್ರಾಲಿಕ್ ಎಣ್ಣೆ ಬೇರೆ. ಯುಗಾದಿ ಕಳೆದು ಮಳೆಗೆ ಮೊದಲಿನ ಸೀಸನ್, 37 ದಿನ ಮಷೀನು ಹಲಸಿನ ಮರದ ಅಡಿ ನಿಂತಿತ್ತು. ಕಾರಣ ಆಪರೇಟರ್. ದಿನಾ ಗ್ರೀಸ್ ಹೊಡೆ ಅಂದರೆ ಹೊಡೆಯಲಿಲ್ಲ.

ಹದಿನಾಲ್ಕು ವರ್ಷ ಅನುಭವದ ಆಪರೇಟರ್, ಬಾಗಲಕೋಟಿ:
ಎಲ್ಲಾ ಆಪರೇಟರ್ ಮ್ಯಾಲ ಹಾಕೂದು ಭಾಳ ಸಲೀಸು ಐತ್ರಿ ಯಜಮಾನ್ರ. ಗ್ರೀಸ್ ಹೊಡಿಲಿಲ್ಲಂದ್ರ ಪಿನ್ನು ಸವೀತಾವ, ಗೇರು ಹೋಗ್ತೈತಿ. ಸ್ವಿವೆಲ್ ಸೀಲಿಗೂ ಅದಕ್ಕೂ ಏನ್ ಸಂಬಂಧ? ಸೆಕೆಂಡ್ ಹ್ಯಾಂಡ್ ತಂದವ್ರು ನೀವು, ಒಳಗಿನ ಸೀಲ್ ಎಷ್ಟು ಹಳೇದಿತ್ತು ನೋಡಿದ್ರೇನು? ನಾನೂ ಒಂದು ರೊಟೇಟರ್ ಮಷೀನ್ ನಡಸೀನಿ. ಎರಡೂ ಹೆಬ್ಬಟ್ಟಿನ್ಯಾಗ ರೋಲರ್, ಕೈ ಕೂಡಾಕ ಮೂರು ವಾರ ಹಿಡೀತು. ನಮಗ ಭತ್ತೆ ಗಂಟಿಗೆ 50. ಹತ್ತು ತಾಸಿನ ಕೆಲಸ ಏಳು ತಾಸಿಗೆ ಮುಗಿಸಿದ್ರ ನನಗ ದಿನಕ್ಕ 150 ಕಡಿಮಿ. ನೀವು ಅಡಿ ಲೆಕ್ಕಕ್ಕ ಹ್ವಾದ್ರಿ, ಆಪರೇಟರ್ ಭತ್ತೆ ಅಡಿ ಲೆಕ್ಕಕ್ಕ ಮಾಡೀರೇನು?

ಪುತ್ತೂರಿನವ:
ಸಂಬಳ 24,000 ಕೊಡುತ್ತೇನೆ, ಊಟ ರೂಮು ನನ್ನದೇ. ಭತ್ತೆ ವಿಷಯ ಇಲ್ಲಿ ಎಂತಕ್ಕೆ?

ಚಿಕ್ಕಬಳ್ಳಾಪುರದಿಂದ:
ಅಣ್ಣ, ಇದೆಲ್ಲ ಬಿಟ್ಟು ಬಂಡೆ ಒಡೆಯೋ ಬ್ರೇಕರ್ ತಗೊ. ನಂದು ಐದು ವರ್ಷದಿಂದ ಓಡ್ತೈತೆ, ಬಂಡೆ ಇದ್ದ ಕಡೆ ಬಾಡಿಗೆ ಕೇಳಿದಷ್ಟು ಕೊಡ್ತಾರೆ. ಅದರ ತುದಿಯ ಉಳಿ, ಚಿಸೆಲ್ 28,000, ಬುಷ್ ಎರಡು ಸಲ ಹಾಕ್ಸಿದೀನಿ, ನೈಟ್ರೋಜನ್ ಗ್ಯಾಸ್ ಆಗಾಗ ತುಂಬಿಸಬೇಕು. ಸೀಲ್ ಹೋಗಿ ಗ್ಯಾಸು ಎಣ್ಣೆ ಸೇರ್ಕೊಂಡು ಒಂದ್ಸಲ ಪಂಪಿಗೇ ಹೊಡೆತ ಬಿತ್ತು, ಅದೊಂದೇ 1,10,000. ಆದ್ರೂ ದುಡಿದು ಕೊಟ್ಟೈತೆ. ರೊಟೇಟರ್ ತಗೊಂಡ್ರೂ ಅದರ ಕೆಳಗೇ ಬ್ರೇಕರ್ ನೇತಾಕಿದ್ರೆ ಯಾವ ಕೋನಕ್ಕೆ ಬೇಕಾದ್ರೂ ಹೊಡೀಬೋದಲ್ಲ.

ಪುತ್ತೂರಿನವ:
ದಯವಿಟ್ಟು ಹಾಗೆ ಯಾರಿಗೂ ಹೇಳಬೇಡಿ! ರೊಟೇಟರಿನ ಒಳಗೆ ಇರುವುದು ವರ್ಮ್ ಗೇರು (ಸ್ಕ್ರೂ ಹಾಗಿನ ಗೇರು ಹಲ್ಲಿನ ಚಕ್ರ ತಿರುಗಿಸುವುದು). ಬ್ರೇಕರಿನ ಏಟು ನೇರ ಅದರ ಹಲ್ಲಿಗೆ ಬೀಳುತ್ತದೆ. ನನ್ನದರ ಕೈಪಿಡಿಯಲ್ಲಿ ಬ್ರೇಕರ್ ಬೇಡವೇ ಬೇಡ ಅಂತ ಉಂಟು. ಬಂಡೆ ಬಂದಾಗ ನಾನು ರೊಟೇಟರ್ ಕಳಚಿಡುತ್ತೇನೆ.

ಚಿಕ್ಕಬಳ್ಳಾಪುರದಿಂದ:
ಬಂಡೆ ಬಂದಾಗ ಕಳಚಿಡೋ ಸಾಮಾನಿಗೆ ಹನ್ನೆರಡು ಲಕ್ಷ ಯಾಕಣ್ಣ ಮತ್ತೆ? ನಮ್ಮ ಕಡೆ ನೆಲ ಪೂರ್ತಿ ಬಂಡೆನೇ.

ಗೋಥೆನ್‌ಬರ್ಗ್ ಕನ್ನಡಿಗ:
ನಾನು ಸ್ವೀಡನ್ನಿನಲ್ಲಿ ಸೈಟ್ ಇಂಜಿನಿಯರ್. ಇದು ಹುಟ್ಟಿದ್ದೇ ಇಲ್ಲಿ, 1980ರ ದಶಕದಲ್ಲಿ. ಎಂಗ್‌ಕಾನ್, ರೋಟೋಟಿಲ್ಟ್, ಸ್ಟೀಲ್‌ರಿಸ್ಟ್ ಮೂರೂ ಇಲ್ಲಿಯ ಕಂಪನಿಗಳೇ. ಇದಿಲ್ಲದ ಮಷೀನಿಗೆ ಇಲ್ಲಿ ಕೆಲಸ ಸಿಗೋದೇ ಕಷ್ಟ. ಮೊನ್ನೆ ನಮ್ಮ ಸೈಟಿನಲ್ಲಿ ಒಬ್ಬರೇ ಆಪರೇಟರ್ ರೊಟೇಟರಿನ ಕೆಳಗೆ ಗ್ರ್ಯಾಪಲ್ (ಹಿಡಿಯುವ ಇಕ್ಕಳ) ಹಾಕಿ ರಸ್ತೆ ಅಂಚಿನ ಗ್ರಾನೈಟ್ ಕಲ್ಲು ಜೋಡಿಸಿದರು. ಕಲ್ಲನ್ನು ಹಿಡಿದು, ಗಾಳಿಯಲ್ಲೇ ತಿರುಗಿಸಿ, ಹಿಂದಿನ ಕಲ್ಲಿಗೆ ತಾಗಿಸಿ ಇಟ್ಟರು, ಕ್ಯಾಬಿನ್ನಿನಿಂದ ಇಳಿಯಲಿಲ್ಲ. ಕೆಳಗೆ ನಿಂತು ಸಲಿಕೆ ಹಿಡಿಯುವ ಒಬ್ಬರ ಕೂಲಿ ಉಳಿಯುತ್ತೆ, ಇಲ್ಲಿ ಅದೇ ದೊಡ್ಡ ಖರ್ಚು.

ಕೊಪ್ಪದವ:
ಅಲ್ಲಿನ ಕೂಲಿ ಲೆಕ್ಕ ಇಲ್ಲಿಗೆ ತರಬೇಡಿ ಸ್ವಾಮಿ. ನಮ್ಮಲ್ಲಿ ಸಲಿಕೆ ಹಿಡಿಯೋರಿಗೆ ದಿನಕ್ಕೆ 700. ಹನ್ನೆರಡು ಲಕ್ಷದಲ್ಲಿ ನಾನು ಐದು ವರ್ಷ ಒಬ್ಬರನ್ನ ಇಟ್ಕೊಳ್ತೀನಿ.

ಗೋಥೆನ್‌ಬರ್ಗ್ ಕನ್ನಡಿಗ:
ನಿಮ್ಮ ತೋಟಕ್ಕೆ ಐದು ವರ್ಷ ಬಿಡದೆ ಬರುವ ಆಳು ಸಿಕ್ಕರೆ ನನಗೂ ಹೇಳಿ. ಊರಲ್ಲಿ ನಮ್ಮಪ್ಪ ಚರಂಡಿ ತೆಗೆಸೋಕೆ ಎರಡು ತಿಂಗಳಿಂದ ಆಳು ಹುಡುಕ್ತಿದಾರೆ.

ಕೊಪ್ಪದವ:
ಅದು ನಿಮ್ಮಪ್ಪ ಕೊಡೋ ಕೂಲಿ ನೋಡಿ ಹೇಳಬೇಕು.

ಸಕಲೇಶಪುರದಿಂದ:
ಹಿರಿಯರ ಮಾತು ಬೇಡ, ದಯವಿಟ್ಟು. ಇಳಿಜಾರಿನ ಬಗ್ಗೆ ಯಾರೂ ಹೇಳಲೇ ಇಲ್ಲ.

ಹದಿನಾಲ್ಕು ವರ್ಷ ಅನುಭವದ ಆಪರೇಟರ್, ಬಾಗಲಕೋಟಿ:
ನಾ ಹೇಳ್ತೀನಿ ತಗೋರಿ. ನಾನು ನಡಸಿದ್ದ ಮಷೀನಿಗೆ ಕಪ್ಲರ್ ಸೇರಿ ತುದೀಗೆ 300 ಕೆ.ಜಿ. ಹತ್ರ ಹೆಚ್ಚಿಗಿ ಭಾರ ಬಿದ್ದಿತ್ತು. ರೊಟೇಟರ್ ನಡುವ ಕುಂದ್ರೂದಕ್ಕ ಬಕೆಟ್ಟಿನ ಹಲ್ಲು ಪಿನ್ನಿನಿಂದ ದೂರ ಆಗ್ತಾವ, ಗಟ್ಟಿ ನೆಲದಾಗ ಕೀಳೂ ತಾಕತ್ತು ಕಡಿಮಿ. ಇಳುಕಲ್ ಕಡೆ ಬೂಮ್ (ದೊಡ್ಡ ತೋಳು) ಪೂರ್ತಿ ಚಾಚಿ ಬಕೆಟ್ ತುಂಬಿ ಎತ್ತಬ್ಯಾಡ್ರಿ, ಹಿಂದಿನ ಟ್ರ್ಯಾಕ್ ನೆಲ ಬಿಡ್ತೈತಿ. ನಾ ಒಮ್ಮೆ ಆ ಹೆದರಿಕಿ ಕಂಡೀನಿ. ಸ್ಟಿಕ್ (ಮುಂದಿನ ತೋಳು) ಒಳಗ ಎಳಕೊಂಡು ಅರ್ಧ ಬಕೆಟ್ಟೇ ತುಂಬ್ರಿ. ಒಂದು ಛಲೋ ಏನಂದ್ರ, ಬಕೆಟ್ಟೇ ವಾಲ್ತದ, ಬರೆ ಕೆರ್ಯಾಕ ಮಷೀನ್ ಓರೆ ನಿಲ್ಲಸೂದು ಬೇಕಾಗಿಲ್ಲ. ಮುಂದ ಮಣ್ಣು ತಳ್ಳೂ ಬ್ಲೇಡ್ ಇದ್ರ ಇಳುಕಲ್ ಕಡೆ ನೆಲಕ್ಕ ಊರಿ ನಿಲ್ಲಸ್ರಿ. ನಿಮ್ಮದಕ್ಕ ಬ್ಲೇಡ್ ಐತೋ ಇಲ್ಲೋ ಬರದೇ ಇಲ್ಲ ನೀವು.