ಅಡ್ಜಸ್ಟ್ ಮಾಡಿದ ಮೇಲೂ ರಿಗ್ರೆಷನ್ ಫಲಿತಾಂಶ ತಲೆಕೆಳಗಾಗುವುದು ಹೇಗೆ?

ಪೀಜಿ ವಿದ್ಯಾರ್ಥಿನಿ:
ಗುರುವಾರ ಜರ್ನಲ್ ಕ್ಲಬ್ (ಸಂಶೋಧನಾ ಲೇಖನ ಓದಿ ಚರ್ಚಿಸುವ ಸಭೆ) ಇದೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿದ ನರ್ಸಸ್ ಹೆಲ್ತ್ ಸ್ಟಡಿಯ 1991ರ ವರದಿ ಪ್ರಕಾರ, ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಹೃದಯ ಕಾಯಿಲೆಯ ರಿಲೇಟಿವ್ ರಿಸ್ಕ್ (ತೆಗೆದುಕೊಳ್ಳದವರಿಗೆ ಹೋಲಿಸಿದರೆ ಅಪಾಯ ಎಷ್ಟು ಪಟ್ಟು ಅನ್ನುವುದು) 0.56, ಅಂದರೆ ಹೆಚ್ಚುಕಡಿಮೆ ಅರ್ಧ. ವಯಸ್ಸು, ಸಿಗರೇಟು ಎಲ್ಲಾ ಅಡ್ಜಸ್ಟ್ ಮಾಡಿದ್ದಾರೆ, ಅಂದರೆ ಅವುಗಳ ಪ್ರಭಾವವನ್ನು ಲೆಕ್ಕದಿಂದ ಬೇರ್ಪಡಿಸಿದ್ದಾರೆ. ಆದರೆ 2002ರ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಟ್ರಯಲ್‌ನಲ್ಲಿ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಕೊಟ್ಟಾಗ ಹಜಾರ್ಡ್ ರೇಶಿಯೋ (ಇದೂ ಅಪಾಯದ ಹೋಲಿಕೆಯೇ) 1.29, ಅಂದರೆ ಅಪಾಯ ಜಾಸ್ತಿ! ಹಾಗಾದರೆ ಅಡ್ಜಸ್ಟ್ ಮಾಡಿ ಏನು ಬಂತು?

ಬಯೋಸ್ಟಾಟ್ ಮೇಷ್ಟ್ರು:
ಡಾಕ್ಟ್ರೇ, ಹೀಗೆ ಅಡ್ಜಸ್ಟ್ ಮಾಡುವ ಲೆಕ್ಕವಾದ ರಿಗ್ರೆಷನ್‌ಗೆ ನಾವು ಕೊಟ್ಟ ಡೇಟಾದ ಕಾಲಂಗಳು ಮಾತ್ರ ಗೊತ್ತು. ತಾನಾಗಿ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರು ಆರೋಗ್ಯದ ಕಡೆ ಜಾಸ್ತಿ ಗಮನ ಕೊಡುವವರೂ ಆಗಿರುತ್ತಾರೆ, ಆಗಾಗ ಚೆಕಪ್ ಮಾಡಿಸುತ್ತಾರೆ, ಹೇಳಿದ ಮಾತ್ರೆ ತಪ್ಪಿಸುವುದಿಲ್ಲ. ಇದನ್ನೆಲ್ಲ ಪೂರ್ತಿ ಅಳೆಯುವುದು ಹೇಗೆ? ಅಳೆಯದೇ ಇರುವುದನ್ನು ಅಡ್ಜಸ್ಟ್ ಮಾಡಲು ಆಗುವುದಿಲ್ಲ, ಅಲ್ವಾ. ಟ್ರಯಲ್‌ನಲ್ಲಿ ಯಾರಿಗೆ ಮಾತ್ರೆ ಅನ್ನುವುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ಆಗ ಈ ವ್ಯತ್ಯಾಸಗಳು ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತವೆ. ಪಿ ವ್ಯಾಲ್ಯೂ ನೋಡುವುದು ಫಲಿತಾಂಶ ಬರೀ ಆಕಸ್ಮಿಕವೇ ಅನ್ನುವುದನ್ನು ಮಾತ್ರ; ಅದು ಎಷ್ಟೇ ಚಿಕ್ಕದಿದ್ದರೂ, ಅಳೆಯದೇ ಬಿಟ್ಟ ಈ ತಪ್ಪನ್ನು ಹಿಡಿಯುವುದಿಲ್ಲ.

ಸ್ತ್ರೀರೋಗ ವೈದ್ಯೆ:
ಸರ್ ಹೇಳಿದ್ದು ಸರಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಮ್ಮ. ನರ್ಸ್‌ಗಳಲ್ಲಿ ಹೆಚ್ಚಿನವರು ಮುಟ್ಟು ನಿಂತ ಹೊಸದರಲ್ಲೇ ಶುರು ಮಾಡಿದ್ದರು, ಟ್ರಯಲ್‌ಗೆ ಸೇರಿದವರ ಸರಾಸರಿ ವಯಸ್ಸು ಸುಮಾರು 63. ಹಾಗಾಗಿ ಎರಡೂ ಕಡೆಯವರು ಒಂದೇ ತರಹದವರಲ್ಲ. ಇನ್ನೊಂದು, ಟ್ರಯಲ್‌ನಲ್ಲಿ ತೊಂದರೆ ಜಾಸ್ತಿ ಕಂಡಿದ್ದು ಮೊದಲ ವರ್ಷದಲ್ಲಿ. "ಈಗ ತೆಗೆದುಕೊಳ್ಳುತ್ತಿರುವವರು" ಎಂದು ಲೆಕ್ಕ ಹಾಕಿದಾಗ, ಆ ಮೊದಲ ದಿನಗಳಲ್ಲೇ ಹೃದಯಾಘಾತವಾದವರು ಲೆಕ್ಕದಿಂದ ಜಾರಿಹೋಗಬಹುದು. 2008ರಲ್ಲಿ ಅದೇ ನರ್ಸ್‌ಗಳ ಡೇಟಾವನ್ನು ಟ್ರಯಲ್ ಮಾದರಿಯಲ್ಲಿ, ಮಾತ್ರೆ ಶುರು ಮಾಡಿದ ದಿನದಿಂದ ಮತ್ತೆ ಲೆಕ್ಕ ಹಾಕಿದರು. ಉತ್ತರ ಟ್ರಯಲ್‌ಗೆ ಮೊದಲಿಗಿಂತ ಹತ್ತಿರ ಬಂತು. ಅಂದರೆ ಡೇಟಾ ಕೆಟ್ಟದ್ದಲ್ಲ, ಪ್ರಶ್ನೆ ಕೇಳಿದ ರೀತಿ ಬೇರೆ ಇತ್ತು.

ಮತ್ತೆ 1.29 ಅಂತ ಸುಮ್ನೆ ಹೇಳಿಬಿಡಬೇಡ, ಜನ ಹೆದರುತ್ತಾರೆ. ಹೃದಯ ಕಾಯಿಲೆ ವರ್ಷಕ್ಕೆ 10,000 ಮಹಿಳೆಯರಲ್ಲಿ 30 ಇದ್ದದ್ದು 37 ಆಯಿತು. ಏಳು ಜಾಸ್ತಿ. 2002ರ ಸುದ್ದಿ ಕೇಳಿ ಎಷ್ಟೋ ಜನ ಗಾಬರಿಯಿಂದ ಮಾತ್ರೆ ಬಿಟ್ಟು, ಮೈ ಬಿಸಿಯಾಗಿ ಬೆವರುತ್ತಾ ರಾತ್ರಿ ನಿದ್ದೆಯಿಲ್ಲದೆ ಒದ್ದಾಡಿದರು.

ಪೀಜಿ ವಿದ್ಯಾರ್ಥಿನಿ:
ತುಂಬಾ ಥ್ಯಾಂಕ್ಸ್ ಮೇಡಂ, ಸರ್. ಸ್ಲೈಡ್‌ನಲ್ಲಿ "ಈಸ್ಟ್ರೋಜನ್ ಹೃದಯ ಕಾಯಿಲೆ ತಗ್ಗಿಸುತ್ತದೆ" ಎಂದು ಬರೆದಿದ್ದೆ. ಹೇಗೆ ತಿದ್ದಲಿ?

ಬಯೋಸ್ಟಾಟ್ ಮೇಷ್ಟ್ರು:
"ಈಸ್ಟ್ರೋಜನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಹೃದಯ ಕಾಯಿಲೆ ಕಡಿಮೆ ಕಂಡುಬಂತು" ಎಂದು ಬರೆಯಿರಿ. ಪಕ್ಕದಲ್ಲೇ ಕಾನ್ಫಿಡೆನ್ಸ್ ಇಂಟರ್ವಲ್ (ಅಂದಾಜು ಎಷ್ಟು ಹಿಂದೆಮುಂದೆ ಇರಬಹುದು ಎಂದು ತೋರಿಸುವ ವ್ಯಾಪ್ತಿ) ಹಾಕಿ.