ಮಗಳು ಐಟಿಐ ಮೆಷಿನಿಸ್ಟ್ ಕಲಿಯುತ್ತೇನೆ ಅಂತಿದ್ದಾಳೆ, ಸೇರಿಸಲಾ?

ಅಘನಾಶಿನಿ ದಂಡೆ, ಕುಮಟಾ:
ಮಗಳು ಈ ಸಲ ಎಸ್‌ಎಸ್‌ಎಲ್‌ಸಿ ಪಾಸಾದಳು. ಐಟಿಐ ಸೇರಿ ಮೆಷಿನಿಸ್ಟ್ (ಯಂತ್ರದಲ್ಲಿ ಲೋಹ ಕತ್ತರಿಸಿ ಬಿಡಿಭಾಗ ಮಾಡುವ ಕೆಲಸ) ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ತೋಟದ ಪಂಪ್‌ಸೆಟ್ ನೀರು ಎಳೆಯದಿದ್ದರೆ ಫುಟ್‌ವಾಲ್ವ್ ಬಿಚ್ಚಿ ವಾಷರ್ ಬದಲಿಸುವವಳು ಅವಳೇ, ಹಾಗಾಗಿ ನನಗೇನೂ ಆಶ್ಚರ್ಯ ಇಲ್ಲ. ಆದರೆ ಭಾವನವರು "ಹೆಣ್ಣುಮಕ್ಕಳಿಗೆ ಎಂತಕ್ಕೆ ಈ ಎಣ್ಣೆ-ಮಸಿ ಕೆಲಸ, ಕಾಮರ್ಸ್‌ಗೆ ಹಾಕು" ಅನ್ನುತ್ತಾರೆ. ಪಕ್ಕದ ಮನೆಯವರ ಪ್ರಕಾರ ಫ್ಯಾಕ್ಟರಿಗೇ ಹೋಗುವುದಾದರೆ ಪಿಯುಸಿ ಸಾಕು, ಐಟಿಐ ಬೇಡ. ಮೆಷಿನ್ ಶಾಪ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಯಾರಾದರೂ ಇಲ್ಲಿದ್ದರೆ ಹೇಳಿ.

ಬೈತಖೋಲದವಳು:
ಅಕ್ಕಾ, ನಾನು ಕಾರವಾರದವಳು, ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಡೆಸುವ ಲೇತ್‌ನಲ್ಲಿ ಲೋಹ ಕಡೆಯುವ ಕೆಲಸ) ಮಾಡುತ್ತೇನೆ. ದಯವಿಟ್ಟು ಸೇರಿಸಿ.

ಪಕ್ಕದ ಮನೆಯವರ ಮಾತು ಮಾತ್ರ ಕೇಳಬೇಡಿ. ಪಿಯುಸಿ ಮುಗಿಸಿ ನೇರ ಫ್ಯಾಕ್ಟರಿಗೆ ಹೋದ ನನ್ನ ಗೆಳತಿಯರು ಪ್ಯಾಕಿಂಗ್‌ನಲ್ಲಿದ್ದಾರೆ, ಅದೂ ಗುತ್ತಿಗೆದಾರರ ಕೈಕೆಳಗೆ. ಆರ್ಡರ್ ಕಡಿಮೆಯಾದರೆ ಮೊದಲು ಮನೆಗೆ ಕಳಿಸುವುದು ಅವರನ್ನು. ಎಷ್ಟು ವರ್ಷ ಲೇಬಲ್ ಅಂಟಿಸಿದರೂ ನಾಳೆ ಮತ್ತೆ ಲೇಬಲ್ಲೇ. ಕೈಯಲ್ಲಿ ಟ್ರೇಡ್ (ಐಟಿಐಯಲ್ಲಿ ಕಲಿತ ಕಸುಬು) ಇದ್ದವಳು ಆಪರೇಟರ್ ಆಗಿ ಸೇರಿ, ಯಂತ್ರ ಹೊಂದಿಸಿಕೊಡುವ ಸೆಟ್ಟರ್ ಆಗಿ, ಮುಂದೆ ಪ್ರೋಗ್ರಾಮ್ ಬರೆಯುವಷ್ಟು ಬೆಳೆಯಬಹುದು. ನಮ್ಮ ಕಡೆಯ ಹುಡುಗಿಯರು ಬರೀ ಪ್ಯಾಕಿಂಗ್‌ಗೆ ಸೇರುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಕೆಲಸ ಏನು ಅಂದರೆ, ಎರಕದ ಜಾಬನ್ನು (ಕಡೆಯಬೇಕಾದ ತುಂಡನ್ನು) ಅದನ್ನು ಹಿಡಿದು ತಿರುಗಿಸುವ ಚಕ್‌ಗೆ ಕಟ್ಟಿ, ಆಫ್‌ಸೆಟ್ (ಟೂಲ್ ಎಲ್ಲಿದೆ ಎಂಬ ಅಳತೆ) ಕೊಟ್ಟು, ಮೊದಲ ಪೀಸ್ ಮೈಕ್ರೋಮೀಟರ್‌ನಲ್ಲಿ ಅಳೆಯುತ್ತೇನೆ. ಡ್ರಾಯಿಂಗ್‌ನಲ್ಲಿ 0.02 ಮಿ.ಮೀ. ಮಾತ್ರ ಹೆಚ್ಚುಕಡಿಮೆ ಆಗಬಹುದು ಅಂತ ಇದ್ದರೆ ಅದರಾಚೆ ಹೋದ ಪೀಸ್ ರಿಜೆಕ್ಟ್. ಇನ್ಸರ್ಟ್ (ಲೋಹ ಕತ್ತರಿಸುವ ಟೂಲಿನ ತುದಿ) ಸವೆಯುತ್ತಾ ಬಂದ ಹಾಗೆ ಹೊರವ್ಯಾಸ ದಪ್ಪವಾಗುತ್ತದೆ, ಕಟಿಂಗಿನ ಸದ್ದೂ ಬದಲಾಗುತ್ತದೆ. ಅದನ್ನು ಹಿಡಿಯಲು ಕಣ್ಣು, ಕಿವಿ, ತಾಳ್ಮೆ ಬೇಕು, ತೋಳಬಲ ಅಲ್ಲ. ಭಾರದ ಜಾಬ್ ಎತ್ತಲು ಹಾಯ್ಸ್ಟ್ ಇದೆ, ಗಂಡಸರೂ ಅದರಲ್ಲೇ ಎತ್ತುವುದು.

ಒಂದು ಕಷ್ಟ ಹೇಳಲೇಬೇಕು. ಮೊದಲು ಸೇರಿದ ಶಾಪ್‌ನಲ್ಲಿ ಹೆಂಗಸರ ಶೌಚಾಲಯ ದೂರದ ಆಫೀಸ್ ಕಟ್ಟಡದಲ್ಲಿತ್ತು, ಬೀಗದ ಕೈ ಕೇಳಿ ಇಸ್ಕೊಳ್ಳಬೇಕಿತ್ತು. ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ಸಂಬಳ ಕೇಳುವ ಮೊದಲು ಇದನ್ನು ಕೇಳಿ.

ನಿವೃತ್ತ ಐಟಿಐ ಮೇಷ್ಟ್ರು, ಶಿರಸಿ:
ತಂಗಿ, ಮೆಷಿನಿಸ್ಟ್ ಎರಡು ವರ್ಷದ ಟ್ರೇಡ್. ಮುಗಿದ ಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ, ಅಲ್ಲಿಂದ ಬಿಇಗೂ. ಭಾವನವರಿಗೆ ಮೊದಲು ಇದನ್ನು ಹೇಳಿ, ಓದು ಅಲ್ಲಿಗೇ ನಿಂತುಹೋಗುತ್ತದೆ ಎಂಬ ಭಯ ಹಿರಿಯರಿಗೆ ಇದ್ದೇ ಇರುತ್ತದೆ. ಐಟಿಐ ಆದವರಿಗೆ ಅಪ್ರೆಂಟಿಸ್‌ಶಿಪ್ (ಕೆಲಸದ ಜಾಗದಲ್ಲೇ ತರಬೇತಿ) ಇದೆ, ಸ್ಟೈಪೆಂಡ್ ಸಿಗುತ್ತದೆ. ಕಾರವಾರದ ನೌಕಾಪಡೆಯ ಹಡಗು ದುರಸ್ತಿ ಯಾರ್ಡಿನಲ್ಲೂ ಅಪ್ರೆಂಟಿಸ್ ತೆಗೆದುಕೊಳ್ಳುತ್ತಾರೆ, ಪ್ರಕಟಣೆ ಬಂದಾಗ ಟ್ರೇಡ್ ಪಟ್ಟಿ ಸರಿಯಾಗಿ ಓದಿ.

ಮಗಳಿಗೂ ಒಂದು ಮಾತು. ತಿರುಗುವ ಯಂತ್ರದ ಮುಂದೆ ಬಳೆ, ವೇಲ್, ಇಳಿಬಿಟ್ಟ ಜಡೆ ಕೂಡದು. ಕೈಗವಸೂ ಕೂಡದು, ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಹುಡುಗರ ತುಂಬುತೋಳಿನ ಅಂಗಿಗೂ ಇದೇ ನಿಯಮ.

ಅಘನಾಶಿನಿ ದಂಡೆ, ಕುಮಟಾ:
ಇಬ್ಬರಿಗೂ ಧನ್ಯವಾದ. ಡಿಪ್ಲೊಮಾ ವಿಷಯ ಕೇಳಿ ಭಾವ ಸ್ವಲ್ಪ ಮೆತ್ತಗಾದರು. ಈಗ ನೈಟ್ ಶಿಫ್ಟ್ ಬಗ್ಗೆ ಕೇಳುತ್ತಿದ್ದಾರೆ.

ಬೈತಖೋಲದವಳು:
1948ರ ಕಾರ್ಖಾನೆ ಕಾಯ್ದೆಯಲ್ಲಿ ಹೆಂಗಸರು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಕೆಲಸ ಮಾಡುವಂತಿರಲಿಲ್ಲ. ನಮ್ಮ ರಾಜ್ಯ 2023ರಲ್ಲಿ ತಿದ್ದುಪಡಿ ತಂದು ರಾತ್ರಿ ಪಾಳಿಗೂ ಅವಕಾಶ ಕೊಟ್ಟಿತು. ರಾತ್ರಿ ಪಾಳಿಗೆ ಅವಳ ಒಪ್ಪಿಗೆ ಬೇಕು, ಹೋಗಿಬರುವ ವಾಹನ ಕಂಪನಿಯದ್ದು. ಲೈಂಗಿಕ ಕಿರುಕುಳದ ದೂರು ಕೇಳಲು 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದು 2013ರ ಕಾಯ್ದೆ. ಸದಸ್ಯರ ಹೆಸರು ನೋಟಿಸ್ ಬೋರ್ಡಿನಲ್ಲಿ ಇದೆಯಾ ನೋಡಿ. ಇಲ್ಲದ ಕಡೆ ನಾನಾದರೆ ಸೇರುವುದಿಲ್ಲ.

ಅಡ್ಮಿಷನ್‌ಗೆ ಮೊದಲು ಮಗಳನ್ನೂ ಭಾವನವರನ್ನೂ ಒಮ್ಮೆ ಬೆಳಗಾವಿಗೆ ಕರಕೊಂಡು ಬನ್ನಿ. ಸೂಪರ್‌ವೈಸರ್ ಹತ್ತಿರ ಕೇಳಿ ಶಾಪ್ ತೋರಿಸುತ್ತೇನೆ. ಮೂವರೂ ಶೂ ಹಾಕಿಕೊಂಡು ಬನ್ನಿ, ಚಪ್ಪಲಿಯಲ್ಲಿ ಬಂದರೆ ಒಳಗೆ ಬಿಡುವುದಿಲ್ಲ.